540 ವ್ಯಾಟಿನ ಒಂದ ಪ್ಯಾನಲ್ ಸಾಕೇನು? ಮೊದಲ ಸಲ ಸೋಲಾರ್ ಹಾಕಿಸೋರಿಗೆ

ಪ್ರಶ್ನೆ, ರೋಣ ತಾಲೂಕು:
ಮನ್ಯಾಗ ಎರಡು ಸೀಲಿಂಗ್ ಫ್ಯಾನ್, ನಾಲ್ಕು ಎಲ್‌ಇಡಿ ಬಲ್ಬ್, 32 ಇಂಚಿನ ಟಿವಿ, ವೈಫೈ ಅದಾವು. ಸಂಜಿಮುಂದ ನಾಲ್ಕ ತಾಸು ಕರೆಂಟ್ ಇರಂಗಿಲ್ಲ. ಅಂಗಡ್ಯಾಗ 540 ವ್ಯಾಟಿನ ಒಂದು ಪ್ಯಾನಲ್, 12 ವೋಲ್ಟ್ 150 ಎಎಚ್ ಬ್ಯಾಟರಿ, ಪಿಡಬ್ಲ್ಯೂಎಂ ಕಂಟ್ರೋಲರ್ ತೊಗೊಳ್ರಿ ಅಂತಾರ. ಸಬ್ಸಿಡಿ ಸಿಗತೈತೇನು? ಇದರಾಗ ನಮಗ ಏನೂ ತಿಳಿಯಂಗಿಲ್ಲ.

ಉತ್ತರ, ಧಾರವಾಡ:
ಪ್ಯಾನಲ್ ಬದಿಗಿಡಿ, ಮೊದಲು ಬ್ಯಾಟರಿ ಲೆಕ್ಕ ಮಾಡಿ. ಹಳೆಯ ಫ್ಯಾನ್ ತಲಾ 75 ವ್ಯಾಟ್, ಬಲ್ಬ್ 9, ಟಿವಿ ಸುಮಾರು 50, ವೈಫೈ 10. ಕೂಡಿದರೆ 246 ವ್ಯಾಟ್. ನಾಲ್ಕು ತಾಸಿಗೆ ಹತ್ತಿರ ಹತ್ತಿರ ಒಂದು ಯುನಿಟ್, ಅಂದರೆ 1000 ವ್ಯಾಟ್-ಅವರ್. 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ, 12 ವೋಲ್ಟಿನಿಂದ ಗುಣಿಸಿದರೆ, ಕಾಗದದ ಮೇಲೆ 1800 ವ್ಯಾಟ್-ಅವರ್ ಇದೆ. ಆದರೆ ಟ್ಯೂಬ್ಯುಲರ್ (ಸೀಸ-ಆಮ್ಲದ) ಬ್ಯಾಟರಿ ವರ್ಷಗಟ್ಟಲೆ ಬಾಳಬೇಕಾದರೆ ದಿನಾ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಉಳಿದ 900ರಲ್ಲಿ ಇನ್ವರ್ಟರ್ ತಿನ್ನುವುದನ್ನು ಕಳೆದರೆ ಕೈಗೆ ಸಿಗುವುದು ಸುಮಾರು 750. ಅಂದರೆ ಸಾಲುವುದಿಲ್ಲ.

ಅದಕ್ಕೆ ಇನ್ನೊಂದು ಬ್ಯಾಟರಿ ಕೊಳ್ಳಬೇಡಿ, ಫ್ಯಾನ್ ಬದಲಿಸಿ. ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ತಿನ್ನುವ ಮೋಟಾರಿನದು) 30 ವ್ಯಾಟಿನಲ್ಲಿ ತಿರುಗುತ್ತದೆ. ಒಟ್ಟು 156 ವ್ಯಾಟಿಗೆ ಇಳಿಯುತ್ತದೆ, ನಾಲ್ಕು ತಾಸಿಗೆ 624. ಅದೇ ಬ್ಯಾಟರಿ ಆರಾಮಾಗಿ ಎಳೆಯುತ್ತದೆ. ಇನ್ವರ್ಟರ್ ಮಾತ್ರ ಸೈನ್ ವೇವ್ (ಲೈನ್ ಕರೆಂಟಿನಂಥದೇ ಕರೆಂಟ್ ಕೊಡುವಂಥದ್ದು) ಇರಲಿ. ಬ್ಯಾಟರಿ ಮೇಲೆ ಸಿ10 ಅಂತ ಬರೆದಿರಬೇಕು, ಅಂದರೆ ಹತ್ತು ತಾಸಿನಲ್ಲಿ ಖಾಲಿ ಮಾಡಿ ಅಳೆದ ಶಕ್ತಿ. ಸಿ20 (ಇಪ್ಪತ್ತು ತಾಸಿನ ಅಳತೆ) ಅಂತಿದ್ದರೆ ಅದೇ 150 ಅಂಕಿಗೆ ಸ್ವಲ್ಪ ಕಡಿಮೆ ಶಕ್ತಿಯ ಬ್ಯಾಟರಿ ಕೊಟ್ಟಂತೆ.

ಉತ್ತರ, ಹುಬ್ಬಳ್ಳಿ:
ಆ ಪ್ಯಾನಲ್‌ನ್ನ ಪಿಡಬ್ಲ್ಯೂಎಂ ಕಂಟ್ರೋಲರಿಗೆ ಹಚ್ಚಬ್ಯಾಡ್ರಿ. ಕಂಟ್ರೋಲರ್ ಅಂದರ ಪ್ಯಾನಲಿನಿಂದ ಬ್ಯಾಟರಿ ತುಂಬೋದನ್ನ ಸಂಭಾಳಿಸೋ ಡಬ್ಬಿ, ಪಿಡಬ್ಲ್ಯೂಎಂ ಅದರಾಗ ಸಾದಾ ನಮೂನಿ. ಹೊಸಬರು ರೊಕ್ಕ ಕಳಕೊಳ್ಳೋದು ಇಲ್ಲೇ. 540 ವ್ಯಾಟಿನ ಪ್ಯಾನಲ್ ಕೆಲಸ ಮಾಡೋದು ಸುಮಾರು 41 ವೋಲ್ಟಿನಾಗ, 13 ಆಂಪ್ಸ್. ಪಿಡಬ್ಲ್ಯೂಎಂ ಅದನ್ನ ಬ್ಯಾಟರಿಯ 13 ವೋಲ್ಟಿಗೆ ಎಳದು ಇಳಸತೈತಿ. 13 ಗುಣಿಸು 13, ಸಿಗೋದು ಬರೇ 170 ವ್ಯಾಟ್. ಉಳಿದದ್ದು ಹ್ವಾದಂಗ. ಅದರ ಮ್ಯಾಲ ಲೋಡ್ ಇಲ್ಲದಾಗ ಆ ಪ್ಯಾನಲ್ 49 ವೋಲ್ಟಿಗೆ ಏರತೈತಿ. ಕಂಟ್ರೋಲರಿನ ಇನ್‌ಪುಟ್ ಮಿತಿ 25 ವೋಲ್ಟ್ ಇದ್ದರ ಸುಟ್ಟೇ ಹೋಗತೈತಿ.

ನಿಮಗ 36 ಸೆಲ್ಲಿನ (ಸುಮಾರು 18 ವೋಲ್ಟಿನಾಗ ಕೆಲಸ ಮಾಡೋ) 165 ವ್ಯಾಟಿನ ಎರಡು ಪ್ಯಾನಲ್ ಸರಿಹೊಂದತಾವು. ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಜೋಡಿಸಿದರ 18 ಆಂಪ್ಸ್ ಬರತೈತಿ, 150 ಎಎಚ್ ಬ್ಯಾಟರಿ ಕೇಳೋದೂ 15ರಿಂದ 20.

ಉತ್ತರ, ಹಾವೇರಿ:
ಸಬ್ಸಿಡಿ ಬೇರೆ ದಾರಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೆ ಮೇಲ್ಪಟ್ಟು 78,000 ರೂಪಾಯಿ. ಆದರೆ ಇದು ಹೆಸ್ಕಾಂ ಲೈನಿಗೆ ಜೋಡಿಸುವ ವ್ಯವಸ್ಥೆಗೆ ಮಾತ್ರ. ಬ್ಯಾಟರಿ ಇಲ್ಲದ ಆನ್-ಗ್ರಿಡ್ ಇನ್ವರ್ಟರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದೆಂದೇ ಹಾಗೆ ಮಾಡಿರುತ್ತಾರೆ. ನಿಮ್ಮ ತೊಂದರೆ ಕತ್ತಲು, ಬಿಲ್ ಅಲ್ಲ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೆ ಈ ದಾರಿಯಿಂದ ನಿಮಗೆ ಉಳಿತಾಯವೂ ಅಷ್ಟಕ್ಕಷ್ಟೆ.

ಉತ್ತರ, ಗದಗ:
ಮನಿ ಮೇಲ್ಮುದ್ದಿ ಮಣ್ಣಿಂದಾಗಿದ್ದರ ಮ್ಯಾಲ ತೂತು ಹೊಡಿಬ್ಯಾಡ್ರಿ, ಮಳಿಗಾಲದಾಗ ಸೋರತೈತಿ. ಹಿತ್ತಲದಾಗ ಕಂಬದ ಮ್ಯಾಲ ನಿಲ್ಲಸ್ರಿ. ಎರಿ ಭೂಮಿ ಬ್ಯಾಸಗ್ಯಾಗ ಬಿರಿತೈತಿ, ಮಳ್ಯಾಗ ಉಬ್ಬತೈತಿ. ಒಂದೂವರಿ ಫೂಟಿನ ತಗ್ಗಿಗೆ ಕಾಂಕ್ರೀಟ್ ಹಾಕಿದರ ಎರಡ ವರ್ಷಕ್ಕ ಕಂಬ ವಾಲತೈತಿ. ಗರಸು ಸಿಗೋತನಕ ಅಗೀರಿ. ಆಷಾಢದ ಗಾಳಿಗೆ ಒಂದೊಂದು ಪ್ಯಾನಲಿಗೆ ನಾಲ್ಕು ಕ್ಲ್ಯಾಂಪ್ ಬೇಕ ಬೇಕು. ಮುಖ ದಕ್ಷಿಣಕ್ಕ, ಓರೆ 15 ಡಿಗ್ರಿ. ಬೋರಿನ ಸವಳು ನೀರಿನಿಂದ ತೊಳದು ಹಂಗ ಬಿಟ್ಟರ ಗಾಜಿನ ಮ್ಯಾಲ ಬಿಳೆ ಪದರು ಕೂಡತೈತಿ. ಮುಂಜಾನಿ ಗಾಜು ತಂಪಿದ್ದಾಗ ಒದ್ದಿ ಅರಿವಿಲೆ ಒರಸ್ರಿ.

ಮತ್ತೆ ರೋಣದಿಂದ:
ಹಿತ್ತಲದಿಂದ ಬ್ಯಾಟರಿಗೆ 15 ಮೀಟರ್ ಆಗತೈತಿ. 4 ಎಂಎಂ ವೈರ್ ನಡಿತೈತೇನು?

ಉತ್ತರ, ಹುಬ್ಬಳ್ಳಿ:
ಪ್ಯಾರಲಲ್‌ನಾಗ ನಡಿಯಂಗಿಲ್ಲ. ಹೋಗಿ ಬರೋ ವೈರ್ 30 ಮೀಟರ್, 18 ಆಂಪ್ಸಿಗೆ ಎರಡೂವರಿ ವೋಲ್ಟಿನ ಮ್ಯಾಲೇ ವೈರಿನಾಗ ಹೋಗತೈತಿ. ಏಪ್ರಿಲ್ ಬಿಸಲಾಗ ಪ್ಯಾನಲ್ ಕಾದಾಗ ಅದರ 18 ವೋಲ್ಟ್ ಹದಿನೈದೂವರಿಗೆ ಇಳದಿರತೈತಿ. ಬ್ಯಾಟರಿಗೆ ಮುಟ್ಟೋದು 13. ಪೂರ್ತಿ ತುಂಬಾಕ 14.4 ಬೇಕು. ಹಿಂಗಾಗೇ ಭರ್ತಿ ಬಿಸಲಿದ್ದರೂ ಬ್ಯಾಟರಿ ತುಂಬಂಗಿಲ್ಲ, ಮಂದಿ ಬ್ಯಾಟರಿ ಕೆಟ್ಟೈತಿ ಅಂತಾರ. ಎರಡೂ ಪ್ಯಾನಲ್ ಸೀರೀಸ್ (ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ) ಜೋಡಿಸಿ, ಪಿಡಬ್ಲ್ಯೂಎಂ ಬದಲಿ 30 ಆಂಪ್ಸಿನ ಎಂಪಿಪಿಟಿ ಕಂಟ್ರೋಲರ್ ಹಾಕ್ರಿ, ಅದು ಹೆಚ್ಚಿನ ವೋಲ್ಟನ್ನ ಹಾಳು ಮಾಡದ ಬ್ಯಾಟರಿಗೆ ಬೇಕಾದ ವೋಲ್ಟಿಗೆ ಇಳಿಸಿ ಆಂಪ್ಸ್ ಏರಸತೈತಿ. ಆಗ 36 ವೋಲ್ಟ್, 9 ಆಂಪ್ಸ್. ಅದ ವೈರಿನಾಗ ಸೋರೋದು ಒಂದೂಕಾಲು ವೋಲ್ಟಿನ ಆಸುಪಾಸು.

ಪ್ಯಾನಲ್ ಕಡೆ ಡಿಸಿ ಎಂಸಿಬಿನ ಹಾಕ್ರಿ (ಎಂಸಿಬಿ ಅಂದರ ಕರೆಂಟ್ ಹೆಚ್ಚಾದರ ತಾನ ಬಂದಾಗೋ ಸ್ವಿಚ್, ಡಿಸಿ ಅಂದರ ಪ್ಯಾನಲ್, ಬ್ಯಾಟರಿ ಕೊಡೋ ಒಂದ ದಿಕ್ಕಿನ ಕರೆಂಟ್). ಮನ್ಯಾಗಿನ ಎಸಿ ಎಂಸಿಬಿ ಹಾಕಿದರ ಡಿಸಿ ಕಿಡಿ ಆರಂಗಿಲ್ಲ, ಒಳಗ ಕರಗತೈತಿ. ಬ್ಯಾಟರಿ ಪಾಸಿಟಿವ್ ಟರ್ಮಿನಲ್ ಬಗಲಾಗ ಒಂದು ಫ್ಯೂಸ್ ಬೇಕು. ಜೋಡಸೂಮುಂದ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮ್ಯಾಲ ಪ್ಯಾನಲ್. ಬಿಚ್ಚೂಮುಂದ ಉಲ್ಟಾ, ಮೊದಲು ಪ್ಯಾನಲ್.