ಜಾಕ್ ದ ರಿಪ್ಪರ್ ಕೊಂದವರ ಜಾಗಗಳು ಈಗ ಹೇಗಿವೆ?

ಪ್ರಶ್ನೆ: ಮುಂದಿನ ತಿಂಗಳು ಲಂಡನ್‌ಗೆ ಹೋಗುತ್ತಿದ್ದೇನೆ. 1888ರಲ್ಲಿ ಅಲ್ಲಿನ ವೈಟ್‌ಚಾಪೆಲ್ ಕಡೆ ‘ಜಾಕ್ ದ ರಿಪ್ಪರ್’ ಅನ್ನೋ ಅಡ್ಡಹೆಸರಿನ ಕೊಲೆಗಾರನ ಕೈಯಲ್ಲಿ ಸತ್ತ ಆ ಐದು ಹೆಂಗಸರ ಜಾಗಗಳಲ್ಲಿ ನೋಡೋಕೆ ಏನಾದರೂ ಉಳಿದಿದೆಯಾ?

ಉತ್ತರ 1: ಜಾಸ್ತಿ ಏನಿಲ್ಲ. ಮೇರಿ ಆ್ಯನ್ ನಿಕಲ್ಸ್ ಶವ ಸಿಕ್ಕಿದ ಬಕ್ಸ್ ರೋಗೆ ಈಗ ಡರ್ವಾರ್ಡ್ ಸ್ಟ್ರೀಟ್ ಅಂತ ಹೆಸರು, ವೈಟ್‌ಚಾಪೆಲ್ ಸ್ಟೇಷನ್ ಹಿಂದೇನೇ ಇದೆ. ಹ್ಯಾನ್‌ಬರಿ ಸ್ಟ್ರೀಟ್‌ನ 29ನೇ ಮನೆಯ ಹಿತ್ತಿಲಲ್ಲಿ ಆ್ಯನಿ ಚಾಪ್‌ಮನ್ ಸಿಕ್ಕಿದ್ದು, ಆ ಮನೆಯನ್ನೂ ಕೆಡವಿದ್ದಾರೆ. ಕ್ಯಾಥರಿನ್ ಎಡೋಸ್ ಶವ ಸಿಕ್ಕಿದ ಮೈಟರ್ ಸ್ಕ್ವೇರ್ ಈಗಲೂ ಹಳೇ ಹೆಸರಲ್ಲೇ ಇದೆ.

ಉತ್ತರ 2: ಈ ಜಾಗಗಳನ್ನು ತೋರಿಸೋ ರಾತ್ರಿ ಟೂರ್‌ಗಳಲ್ಲಿ ಬರೀ ಕೊಲೆಗಾರನ ಕತೆ, ನನಗಂತೂ ಹಿಡಿಸಲ್ಲ. ನಿಕಲ್ಸ್ ಹತ್ತಿರ ಆ ರಾತ್ರಿ ಮಲಗುವ ಜಾಗಕ್ಕೆ ಕೊಡೋಕೆ 4 ಪೆನ್ಸ್ ಇರಲಿಲ್ಲ, ಅದಕ್ಕೇ ಬೀದಿಗೆ ಬಂದಿದ್ದು, ಅದನ್ನು ಯಾರು ಹೇಳ್ತಾರೆ? ಸಿಟಿ ಆಫ್ ಲಂಡನ್ ಸ್ಮಶಾನಕ್ಕೆ ಹೋಗಿ. ಅವಳಿಗೂ ಕ್ಯಾಥರಿನ್ ಎಡೋಸ್‌ಗೂ ಅಲ್ಲಿ ಫಲಕಗಳಿವೆ.

ಉತ್ತರ 3: ಆ ಐವರಲ್ಲಿ ಇನ್ನೊಬ್ಬಳಾದ ಮೇರಿ ಜೇನ್ ಕೆಲ್ಲಿ ಸಮಾಧಿ ಲೇಟನ್‌ಸ್ಟೋನ್‌ನಲ್ಲಿದೆ, ಸೇಂಟ್ ಪ್ಯಾಟ್ರಿಕ್ಸ್ ಸ್ಮಶಾನ. ಟ್ಯೂಬ್‌ನಲ್ಲೇ (ಲಂಡನ್ ಮೆಟ್ರೋ) ಹೋಗಬಹುದು.