30 ಸಾವಿರದೊಳಗೆ ಎಲೆಕ್ಟ್ರಿಕ್ ಗಿಟಾರ್, ಆ್ಯಂಪ್ ಎರಡೂ: ದುಡ್ಡು ಹೇಗೆ ಹಂಚೋದು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇರೋದು ಶಿವಮೊಗ್ಗದಲ್ಲಿ. ಅಕೂಸ್ಟಿಕ್ ಗಿಟಾರಿನಲ್ಲಿ ಓಪನ್ ಕಾರ್ಡ್, ಬಾರ್ ಕಾರ್ಡ್ ಬರುತ್ತೆ. ಈಗ ಎಲೆಕ್ಟ್ರಿಕ್ ಬೇಕು. ಗಿಟಾರ್, ಆ್ಯಂಪ್, ಕೇಬಲ್, ಚೀಲ ಎಲ್ಲ ಸೇರಿ 30,000 ರೂಪಾಯಿ, ಅದರಾಚೆ ಹೋಗೋ ಹಾಗಿಲ್ಲ. ನುಡಿಸಬೇಕಿರೋದು ಹಳೇ ರಾಕ್, ಬ್ಲೂಸ್, ಸ್ವಲ್ಪ ಮೆಟಲ್, ಜೊತೆಗೆ ಸಿನಿಮಾ ಹಾಡಿನ ಲೀಡ್. ಬಾಡಿಗೆ ಮನೆ, ಕೆಳಗಡೆ ಓನರ್, ಅಭ್ಯಾಸಕ್ಕೆ ಸಿಗೋದು ರಾತ್ರಿ 9ರ ನಂತರ.

ನೋಡಿಟ್ಟಿರೋದು: ಯಮಾಹಾ ಪ್ಯಾಸಿಫಿಕಾ 012, ಸ್ಕ್ವಾಯರ್ ಸೋನಿಕ್ ಸ್ಟ್ರಾಟೋಕಾಸ್ಟರ್. ಇದೇ ಬೆಲೆಗೆ ಫ್ಲಾಯ್ಡ್ ರೋಸ್ ಥರದ ಲಾಕಿಂಗ್ ಬ್ರಿಡ್ಜ್ (ತಂತಿಗಳನ್ನು ಬಿಗಿದು ಹಿಡಿದು, ಬಾರ್ ಒತ್ತಿದರೆ ಅಲುಗಾಡೋ ಬ್ರಿಡ್ಜ್) ಇರೋ ಸೆಕೆಂಡ್ ಹ್ಯಾಂಡ್ ಗಿಟಾರ್ ಕೂಡ ಒಂದಿದೆ. ಆ್ಯಂಪಿಗೆ ಅಂಗಡಿಯವರು 40 ವಾಟ್‌ದೇ ತಗೊಳ್ಳಿ, 10 ವಾಟ್ ಸಾಲಲ್ಲ ಅಂತಿದ್ದಾರೆ. ಮನೇಲಿರೋ ಹೋಮ್ ಥಿಯೇಟರಿಗೇ ಚುಚ್ಚಿಬಿಟ್ಟರೆ ಆ್ಯಂಪ್ ದುಡ್ಡು ಉಳಿಯಲ್ವಾ?

ಏಳನೇ ಫ್ರೆಟ್

ಮೊದಲು ಹಂಚಿಕೆ. ಗಿಟಾರಿಗೆ 17-18 ಸಾವಿರ, ಆ್ಯಂಪಿಗೆ 8-9 ಸಾವಿರ, ಉಳಿದ 3-4 ಸಾವಿರ ಸೆಟಪ್ (ತಂತಿಯ ಎತ್ತರ, ನೆಕ್‌ನ ಬಾಗು, ಶ್ರುತಿ ಸರಿಹೊಂದಿಸೋ ಕೆಲಸ), ಒಂದು ಸೆಟ್ ಹೆಚ್ಚುವರಿ ತಂತಿ, ಕೇಬಲ್, ಸ್ಟ್ರಾಪ್, ಚೀಲಕ್ಕೆ. ಈ ಕೊನೇ ಬಾಬ್ತನ್ನು ನುಂಗಿ ಗಿಟಾರನ್ನೇ ಒಂದು ಮಟ್ಟ ಮೇಲಿನದು ತಗೊಳ್ಳೋಣ ಅಂತ ಎಲ್ಲರಿಗೂ ಆಸೆಯಾಗುತ್ತೆ. ಬೇಡ. ಡಬ್ಬದಿಂದ ತೆಗೆದ ಹಾಗೇ ಇರುವ 22 ಸಾವಿರದ ಗಿಟಾರಿಗಿಂತ ಸರಿಯಾಗಿ ಸೆಟಪ್ ಆದ 17 ಸಾವಿರದ್ದು ಬೆರಳಿಗೂ ಹಗುರ, ಶ್ರುತಿಯಲ್ಲೂ ನಿಲ್ಲುತ್ತೆ.

ಮೆಟಲ್ ಸ್ವಲ್ಪವಾದರೂ ಬೇಕು ಅಂದಿದ್ದೀರಿ, ಹಾಗಾಗಿ ಬ್ರಿಡ್ಜ್ ಹತ್ತಿರ ಹಂಬಕರ್ ಪಿಕಪ್ ಇರಲಿ (ಪಿಕಪ್ ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಕಾಯಿಲ್, ಹಂಬಕರ್‌ನಲ್ಲಿ ಎರಡು ಕಾಯಿಲ್ ಸೇರಿ ಗುಂಯ್ ಅಳಿಸುತ್ತವೆ). ಸೋನಿಕ್ ಸ್ಟ್ರಾಟ್‌ನ ಮಾಮೂಲಿ ಮಾದರಿಯಲ್ಲಿ ಮೂರೂ ಸಿಂಗಲ್ ಕಾಯಿಲ್. ಕ್ಲೀನ್ ಮತ್ತು ಬ್ಲೂಸ್‌ಗೆ ಸೊಗಸು, ಆದರೆ ಗೇನ್ (ಸದ್ದು ಒಡೆಯುವಷ್ಟು ಸಿಗ್ನಲ್ ಹೆಚ್ಚಿಸೋದು) ಏರಿಸಿದ ಕೂಡಲೇ ಗುಂಯ್ ಅನ್ನುತ್ತೆ. ಪ್ಯಾಸಿಫಿಕಾ 012ರಲ್ಲಿ ಎರಡು ಸಿಂಗಲ್ ಕಾಯಿಲ್ ಜೊತೆಗೆ ಬ್ರಿಡ್ಜ್‌ನಲ್ಲಿ ಹಂಬಕರ್, ಐದು ಸ್ಥಾನದ ಸ್ವಿಚ್. ನಿಮ್ಮ ಪಟ್ಟಿಗೆ ಅದೇ ಹೊಂದುತ್ತೆ. ಸ್ಕ್ವಾಯರ್‌ದೇ ಬೇಕು ಅಂದರೆ ಸೋನಿಕ್‌ನಲ್ಲೇ ಬ್ರಿಡ್ಜ್ ಹಂಬಕರ್ ಇರುವ ಮಾದರಿ ಕೇಳಿ. ಮೆಟಲ್ ಕಡೆ ಹೆಚ್ಚು ಒಲವಿದ್ದರೆ ಐಬನೀಜ್ ಜಿಆರ್‌ಜಿ121ಡಿಎಕ್ಸ್ ನೋಡಬಹುದು: ಎರಡು ಹಂಬಕರ್, 24 ಫ್ರೆಟ್, ಅಲುಗಾಡದ ಬ್ರಿಡ್ಜ್.

ಆ ಲಾಕಿಂಗ್ ಬ್ರಿಡ್ಜ್ ಗಿಟಾರನ್ನು ಮರೆತುಬಿಡಿ. ಈ ಬೆಲೆಯಲ್ಲಿ ಬರುವ ಲಾಕಿಂಗ್ ಬ್ರಿಡ್ಜ್‌ಗಳ ಲೋಹ ಮೆದು. ಬ್ರಿಡ್ಜ್ ಆತುಕೊಂಡು ತಿರುಗುವ ಚೂಪು ಅಂಚು ಬೇಗ ಸವೆದರೆ, ಬಾರ್ ಒತ್ತಿ ಬಿಟ್ಟ ಮೇಲೆ ಶ್ರುತಿ ಮೊದಲಿನ ಜಾಗಕ್ಕೆ ವಾಪಸ್ ಬರೋದೇ ಇಲ್ಲ. ಜೊತೆಗೆ ಒಂದು ತಂತಿಯ ಬಿಗಿ ಬದಲಾದರೆ ಮಿಕ್ಕ ಐದೂ ಜಾರುತ್ತವೆ. ಶ್ರುತಿ ತಗ್ಗಿಸಬೇಕು, ದಪ್ಪ ತಂತಿ ಹಾಕಬೇಕು ಅಂದರೆ ಹಿಂದಿನ ಸ್ಪ್ರಿಂಗ್‌ಗಳಿಂದ ಶುರುಮಾಡಬೇಕು.

ಪ್ಯಾಸಿಫಿಕಾ, ಸ್ಟ್ರಾಟ್‌ಗಳಲ್ಲೂ ಟ್ರೆಮೊಲೊ (ಬಾರ್ ಒತ್ತಿ ಶ್ರುತಿ ಅಲುಗಿಸುವ ಬ್ರಿಡ್ಜ್) ಇರುತ್ತೆ, ಆದರೆ ಅದನ್ನು ಸುಮ್ಮನಾಗಿಸೋದು ಸುಲಭ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ. ಸ್ಪ್ರಿಂಗ್ ಸಿಕ್ಕಿಸಿರುವ ಕೊಕ್ಕೆಪಟ್ಟಿಗೆ ಎರಡು ಉದ್ದ ಸ್ಕ್ರೂ ಇರುತ್ತವೆ, ಎರಡನ್ನೂ ಸಮನಾಗಿ ಅರ್ಧರ್ಧ ಸುತ್ತು ಬಿಗಿ ಮಾಡುತ್ತಾ, ಪ್ರತಿ ಸಲ ಮತ್ತೆ ಶ್ರುತಿ ಮಾಡಿ. ಬ್ರಿಡ್ಜ್‌ನ ಅಡಿ ಬಾಡಿಗೆ ಪೂರ್ತಿ ಕೂತಾಗ ನಿಲ್ಲಿಸಿ. ಆಮೇಲೆ ಒಂದು ತಂತಿ ಬೆಂಡ್ ಮಾಡಿದರೆ (ಬೆರಳಿನಿಂದ ಪಕ್ಕಕ್ಕೆ ಎಳೆದರೆ) ಉಳಿದವು ಇಳಿಯೋದಿಲ್ಲ. ಬ್ರಿಡ್ಜ್ ತಗ್ಗಿದ್ದರಿಂದ ತಂತಿಯೂ ತಗ್ಗಿರುತ್ತೆ, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಎತ್ತರ ಮತ್ತೆ ನೋಡಿಕೊಳ್ಳಿ. ಸಿನಿಮಾ ಲೀಡ್‌ನಲ್ಲಿ ಗಾಯಕರ ಎಳೆತ ಹಿಡಿಯೋಕೆ ಬೆಂಡ್ ಹೆಚ್ಚು ಬೇಕಾಗುತ್ತೆ, ಅದಕ್ಕೆ 9-42 ಗೇಜ್‌ನ ತೆಳು ತಂತಿಯೇ ಇರಲಿ.

ಕೆಪಾಸಿಟರ್

ಗಿಟಾರ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ನಾನು ಆ್ಯಂಪ್ ವಿಷಯಕ್ಕೆ ಬರ್ತೀನಿ.

ವಾಟ್ ಲೆಕ್ಕದಲ್ಲಿ ಅಂಗಡಿಯವರ ಮಾತು ಕೇಳಬೇಡಿ. ವಾಟ್ ಎರಡು ಪಟ್ಟಾದರೆ ಸದ್ದು ಏರೋದು 3 ಡೆಸಿಬಲ್ ಮಾತ್ರ. ಕಿವಿಗೆ "ಎರಡರಷ್ಟು ಜೋರು" ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. 10ರಿಂದ 40 ವಾಟ್‌ಗೆ ಹೋದರೆ ಸಿಗೋದು 6 ಡೆಸಿಬಲ್. ಡ್ರಮ್ಸ್ ಜೊತೆ ನುಡಿಸುವವರಿಗೆ ಅದು ಬೇಕಾಗಬಹುದು. ಕೆಳಗೆ ಓನರ್ ಮಲಗಿರುವ ಮನೆಯಲ್ಲಿ ನಿಮ್ಮ ವಾಲ್ಯೂಮ್ 1ನ್ನೂ ದಾಟೋದಿಲ್ಲ. ಅಷ್ಟು ಕೆಳಗೆ ಎಷ್ಟೋ ಅಗ್ಗದ ಆ್ಯಂಪ್‌ಗಳ ನಾಬ್ ಒಂದೋ ಪೂರ್ತಿ ಮೌನ, ಇಲ್ಲವೇ ಒಮ್ಮೆಲೇ ಜೋರು. ಕೊಳ್ಳುವಾಗ ಪರೀಕ್ಷೆ ಮಾಡಬೇಕಾದ್ದು ಇದನ್ನೇ: ಮಾತಾಡುವಷ್ಟು ಸದ್ದಿನಲ್ಲಿ ಟೋನ್ ಚೆನ್ನಾಗಿದೆಯಾ?

ಹೋಮ್ ಥಿಯೇಟರ್‌ಗೆ ನೇರವಾಗಿ ಚುಚ್ಚಬೇಡಿ. ಗಿಟಾರ್ ಪಿಕಪ್‌ಗೆ ಸುಮಾರು 1 ಮೆಗಾಓಮ್ ಇನ್‌ಪುಟ್ ಬೇಕು. ಹೋಮ್ ಥಿಯೇಟರ್‌ನ ಆಕ್ಸ್ ಇನ್‌ಪುಟ್ ಅದಕ್ಕಿಂತ ತುಂಬಾ ಕಡಿಮೆ, ಅದರಿಂದ ಸದ್ದು ಮಂಕಾಗುತ್ತೆ. ಇನ್ನೊಂದು ಕಾರಣ ಸ್ಪೀಕರ್. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನದನ್ನು ತಾನೇ ಕತ್ತರಿಸುತ್ತೆ. ಹೋಮ್ ಥಿಯೇಟರ್‌ನ ಟ್ವೀಟರ್ ಕತ್ತರಿಸಲ್ಲ, ಡಿಸ್ಟಾರ್ಷನ್ ಹಾಕಿದರೆ ಕಿವಿಗೆ ಕೊರೆಯೋ ಕರ್ಕಶ ಸದ್ದು.

ನಿಮ್ಮ ದುಡ್ಡಿಗೆ ನೋಡಬೇಕಾದವು: ಬಾಸ್ ಕಟಾನಾ ಮಿನಿ (7 ವಾಟ್, 4 ಇಂಚು ಸ್ಪೀಕರ್, ಕ್ಲೀನ್, ಕ್ರಂಚ್, ಬ್ರೌನ್ ಎಂಬ ಮೂರು ಬಗೆ, ಹೆಡ್‌ಫೋನ್ ಕಿಂಡಿ), ಫೆಂಡರ್ ಫ್ರಂಟ್‌ಮ್ಯಾನ್ 10ಜಿ (10 ವಾಟ್, 6 ಇಂಚು, ಹೆಡ್‌ಫೋನ್ ಮತ್ತು ಆಕ್ಸ್ ಎರಡೂ). ಫ್ರಂಟ್‌ಮ್ಯಾನ್‌ನ ಕ್ಲೀನ್ ಚೆನ್ನ, ಗೇನ್ ಸುಮಾರು. ಕಟಾನಾ ಮಿನಿಯ ಗೇನ್ ಅದರ ಗಾತ್ರಕ್ಕೆ ಮೀರಿದ್ದು, ನಿಮಗೆ ಅದು ಹೆಚ್ಚು ಒಗ್ಗುತ್ತೆ. ಒಂದು ಎಚ್ಚರ: ಅದು ಆರು ಎಎ ಸೆಲ್‌ನಲ್ಲಿ ಓಡುತ್ತೆ, ಅಡಾಪ್ಟರ್ ಡಬ್ಬದಲ್ಲಿ ಬರಲ್ಲ. ತಗೊಳ್ಳುವಾಗ 9 ವೋಲ್ಟ್, ನಡುಪಿನ್ ನೆಗೆಟಿವ್ ಇರೋದೇ ತಗೊಳ್ಳಿ. ಮನೇಲಿ ಬಿದ್ದಿರೋ ರೂಟರ್ ಅಡಾಪ್ಟರ್ ಸಾಮಾನ್ಯವಾಗಿ ನಡುಪಿನ್ ಪಾಸಿಟಿವ್. ಅದನ್ನು ಚುಚ್ಚಬೇಡಿ.

"ಗಿಟಾರ್ ಜೊತೆ ಆ್ಯಂಪ್ ಫ್ರೀ" ಅನ್ನೋ ಹೆಸರಿಲ್ಲದ ಕಾಂಬೊ ಪ್ಯಾಕ್‌ಗಳಲ್ಲಿ ಆ್ಯಂಪ್ ಹೆಸರಿಗಷ್ಟೇ. ಅದಕ್ಕೆ ಕೊಟ್ಟ ದುಡ್ಡು ಹೊಳೆಗೆ ಹಾಕಿದ ಹುಣಸೇಹಣ್ಣು.

ರಾತ್ರಿಪಾಳಿ

ಕೆಪಾಸಿಟರ್ ಅವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ನುಡಿಸೋದು ರಾತ್ರಿ 9ರ ಮೇಲೆ ಮಾತ್ರ ಅಂದಮೇಲೆ ಸ್ಪೀಕರ್‌ಗೆ ಯಾಕೆ ದುಡ್ಡು? ಲ್ಯಾಪ್‌ಟಾಪ್ ಇದ್ದರೆ ಒಂದು ಸಣ್ಣ ಆಡಿಯೋ ಇಂಟರ್‌ಫೇಸ್ (ಗಿಟಾರನ್ನು ಲ್ಯಾಪ್‌ಟಾಪ್‌ಗೆ ಸೇರಿಸುವ ಡಬ್ಬಿ) ತಗೊಳ್ಳಿ. ಅದರಲ್ಲಿ "ಇನ್‌ಸ್ಟ್" ಅಥವಾ "ಹೈ-ಝೀ" ಅಂತ ಗುರುತಿರುವ ಕಿಂಡಿ ಇರಲೇಬೇಕು. ನ್ಯೂರಲ್ ಆ್ಯಂಪ್ ಮಾಡೆಲರ್, ಗಿಟಾರ್ ರಿಗ್ ಪ್ಲೇಯರ್ ಎಂಬ, ಆ್ಯಂಪ್ ಸದ್ದು ಅನುಕರಿಸುವ ಸಾಫ್ಟ್‌ವೇರ್‌ಗಳು ಎರಡೂ ಉಚಿತ, ಅವುಗಳಲ್ಲಿ ಸಿಗುವ ಟೋನ್ 4 ಇಂಚಿನ ಸ್ಪೀಕರ್‌ನಲ್ಲಿ ಬರಲ್ಲ. ನ್ಯೂರಲ್ ಆ್ಯಂಪ್ ಮಾಡೆಲರ್‌ನಲ್ಲಿ ಬರೀ ಆ್ಯಂಪ್‌ನ ಮಾಡೆಲ್ ಹಾಕಿ ಕ್ಯಾಬಿನೆಟ್‌ನ ಐಆರ್ ಫೈಲ್ (ಸ್ಪೀಕರ್ ಡಬ್ಬದ ಸದ್ದಿನ ಗುಣ ಹಿಡಿದಿಟ್ಟ ಫೈಲ್) ಹಾಕೋದು ಮರೆತರೆ ಹೋಮ್ ಥಿಯೇಟರ್‌ನದೇ ಕರ್ಕಶ ಸದ್ದು ಇಲ್ಲೂ ಬರುತ್ತೆ.

ತಡವಾಗಿ ಕೇಳುತ್ತೆ ಅನ್ನೋದು ಇಲ್ಲಿನ ಮಾಮೂಲಿ ದೂರು. 48 ಕಿಲೋಹರ್ಟ್ಸ್‌ನಲ್ಲಿ ಬಫರ್ (ಒಮ್ಮೆಗೆ ಕೂಡಿಟ್ಟು ಕಳಿಸುವ ಸದ್ದಿನ ಸ್ಯಾಂಪಲ್‌ಗಳ ಎಣಿಕೆ) 128 ಇಟ್ಟರೆ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್, ತೊಂದರೆಯಿಲ್ಲ. 1024 ಇಟ್ಟರೆ 21 ಮಿಲಿಸೆಕೆಂಡ್, ಬೆರಳಿಗೂ ಸದ್ದಿಗೂ ತಾಳ ತಪ್ಪುತ್ತೆ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯ ಅಸಿಯೋ ಡ್ರೈವರ್ (ಈ ತಡ ಕಡಿಮೆ ಮಾಡುವ ಆಡಿಯೋ ಡ್ರೈವರ್) ಹಾಕದೆ ಈ ಲೆಕ್ಕ ಯಾವುದೂ ನಡೆಯಲ್ಲ. ಹೆಡ್‌ಫೋನ್ ವೈರಿನದೇ ಬೇಕು, ಬ್ಲೂಟೂತ್‌ನಲ್ಲಿ ತಡ ಎಷ್ಟಿರುತ್ತೆಂದರೆ ನುಡಿಸೋಕೇ ಆಗಲ್ಲ.

ಕೆಪಾಸಿಟರ್

@ರಾತ್ರಿಪಾಳಿ, ಟೋನ್ ವಿಷಯದಲ್ಲಿ ತಕರಾರಿಲ್ಲ. ಆದರೆ ಲ್ಯಾಪ್‌ಟಾಪ್ ಆನ್ ಮಾಡಿ, ಡ್ರೈವರ್ ನೋಡಿ, ಪ್ಲಗಿನ್ ತೆರೆಯೋಷ್ಟರಲ್ಲಿ ಕಲಿಯುವವರ ಅರ್ಧ ಉತ್ಸಾಹ ಇಳಿದಿರುತ್ತೆ. ಸ್ವಿಚ್ ಒತ್ತಿದ ಕೂಡಲೇ ಸದ್ದು ಬರುವ ಡಬ್ಬಿ ಮೊದಲು, ಇಂಟರ್‌ಫೇಸ್ ಮುಂದಿನ ವರ್ಷ.

ತುಂಗಾತೀರ

ತುಂಬಾ ಉಪಕಾರ. ಲ್ಯಾಪ್‌ಟಾಪ್ ಆಫೀಸಿನದು, ಅದರಲ್ಲಿ ಏನೂ ಹಾಕೋ ಹಾಗಿಲ್ಲ. ಹಾಗಾಗಿ ಪ್ಯಾಸಿಫಿಕಾ 012 ಮತ್ತು ಕಟಾನಾ ಮಿನಿ ಅಂತ ಇಟ್ಟುಕೊಂಡಿದ್ದೀನಿ. ಇನ್ನೆರಡು ಪ್ರಶ್ನೆ. ಅಂಗಡಿಯಲ್ಲಿ ಏನೇನು ಪರೀಕ್ಷೆ ಮಾಡಬೇಕು? ಇನ್ನೊಂದು, ಅಲ್ಲಿ ಒಂದು ಗಿಟಾರ್ ಹಿಡಿದು ನೋಡಿದಾಗ ತಂತಿ ಮುಟ್ಟಿದರೆ ಗುಂಯ್ ಕಡಿಮೆ, ಕೈ ತೆಗೆದರೆ ಜಾಸ್ತಿ ಆಗ್ತಿತ್ತು. ಅದು ಕೆಟ್ಟ ಪೀಸಾ?

ಏಳನೇ ಫ್ರೆಟ್

ಪರೀಕ್ಷೆಗೆ ಕಾಲು ಗಂಟೆ ಸಾಕು. ಸ್ಟೀಲ್ ಸ್ಕೇಲ್, ವಿಸಿಟಿಂಗ್ ಕಾರ್ಡ್, ಫೋನಿನಲ್ಲಿ ಟ್ಯೂನರ್ ಇರಲಿ. ಮೊದಲು ಶ್ರುತಿ ಮಾಡಿಸಿ, ಶ್ರುತಿಯಿಲ್ಲದ ಗಿಟಾರಿನ ಅಳತೆಗೆ ಅರ್ಥವಿಲ್ಲ.

ದಪ್ಪ ಇ ತಂತಿಯನ್ನು 1ನೇ ಫ್ರೆಟ್‌ನಲ್ಲೂ, ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. 7-8ನೇ ಫ್ರೆಟ್ ಮೇಲೆ ತಂತಿಯ ಅಡಿ ಸುಮಾರು 0.25 ಮಿಲಿಮೀಟರ್ ಸಂದು ಇರಬೇಕು, ವಿಸಿಟಿಂಗ್ ಕಾರ್ಡ್ ತಾಗಿಯೂ ತಾಗದ ಹಾಗೆ. ಸಂದು ಹೆಚ್ಚೋ ಕಡಿಮೆಯೋ ಇದ್ದರೆ ಗಾಬರಿ ಬೇಡ, ಟ್ರಸ್ ರಾಡ್ (ನೆಕ್ ಒಳಗಿರುವ, ಅದರ ಬಾಗು ಸರಿಪಡಿಸುವ ಸರಳು) ಕಾಲು ಸುತ್ತು ತಿರುಗಿಸಿದರೆ ಸರಿಯಾಗುತ್ತೆ. ಬಲಕ್ಕೆ ಬಿಗಿಸಿದರೆ ನೆಕ್ ನೆಟ್ಟಗಾಗುತ್ತೆ. ಆದರೆ ನೆಕ್ ಹಗ್ಗದ ಹಾಗೆ ತಿರುಚಿದ್ದರೆ ಅದಕ್ಕೆ ಮದ್ದಿಲ್ಲ. ಬ್ರಿಡ್ಜ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಗೊತ್ತಾಗುತ್ತೆ.

12ನೇ ಫ್ರೆಟ್ ಮೇಲೆ ತಂತಿಯ ಎತ್ತರ ದಪ್ಪ ಇ ಕಡೆ 2 ಮಿಲಿಮೀಟರ್, ಸಣ್ಣ ಇ ಕಡೆ 1.6ರ ಆಸುಪಾಸು. ಆಮೇಲೆ ಒಂದೊಂದು ತಂತಿಯಲ್ಲೂ ಒಂದೊಂದೇ ಫ್ರೆಟ್ ನುಡಿಸಿ. ಒಂದೇ ಒಂದು ಫ್ರೆಟ್‌ನಲ್ಲಿ ಗರಗರ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ ಅಂತ, ಬೇರೆ ಪೀಸ್ ಕೇಳಿ. 1ರಿಂದ 5ರವರೆಗೆಲ್ಲ ಗರಗರ ಅಂದರೆ ನೆಕ್ ತೀರಾ ನೆಟ್ಟಗಿದೆ, ರಾಡ್ ಸಡಿಲಿಸಬೇಕು. ತೆರೆದ ತಂತಿ ಮಾತ್ರ ಗರಗರ ಅಂದರೆ ನಟ್‌ನ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕೊರೆತ ಆಳವಾಗಿದೆ.

12ನೇ ಫ್ರೆಟ್‌ನ ಹಾರ್ಮೋನಿಕ್ಕನ್ನೂ (ತಂತಿ ಒತ್ತದೆ ಬರೀ ಮುಟ್ಟಿ ನುಡಿಸಿದ ಸ್ವರ) ಅಲ್ಲೇ ಒತ್ತಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ ನೆಕ್‌ನಿಂದ ದೂರಕ್ಕೆ, ಇಳಿದಿದ್ದರೆ ನೆಕ್ ಕಡೆಗೆ. ಸ್ಕ್ರೂಡ್ರೈವರ್ ಕೆಲಸ ಅಷ್ಟೇ, ಗಿಟಾರ್ ಬೇಡ ಅನ್ನೋಕೆ ಕಾರಣವಲ್ಲ. ಶ್ರುತಿ ಮಾಡುವಾಗ ಟಿಕ್ ಟಿಕ್ ಸದ್ದು ಬಂದರೆ ತಂತಿ ನಟ್‌ನಲ್ಲಿ ಸಿಕ್ಕಿಕೊಳ್ಳುತ್ತಿದೆ. ಆ ಕೊರೆತಕ್ಕೆ ಪೆನ್ಸಿಲ್ ಸೀಸ ಉಜ್ಜಿದರೆ ಹೋಗುತ್ತೆ.

ಸ್ವಿಚ್‌ನ ಐದೂ ಸ್ಥಾನ ಹಾಕಿ ನೋಡಿ, ಎರಡೂ ನಾಬ್ ಪೂರ್ತಿ ತಿರುಗಿಸಿ, ಜ್ಯಾಕನ್ನು ಮೆಲ್ಲಗೆ ಅಲ್ಲಾಡಿಸಿ. ಕೇಬಲ್ 3 ಮೀಟರಿನದು ಸಾಕು, ಶೀಲ್ಡ್ ಇರುವ ಇನ್‌ಸ್ಟ್ರುಮೆಂಟ್ ಕೇಬಲ್ಲೇ ಆಗಬೇಕು. ಸ್ಪೀಕರ್ ಕೇಬಲ್ ನೋಡೋಕೆ ಹಾಗೇ ಇರುತ್ತೆ, ಹಾಕಿದರೆ ಊರಿನ ಸದ್ದನ್ನೆಲ್ಲ ಎಳೆದು ತರುತ್ತೆ.

ಕೆಪಾಸಿಟರ್

ತಂತಿ ಮುಟ್ಟಿದಾಗ ಗುಂಯ್ ಇಳಿಯೋದು ದೋಷವಲ್ಲ. ಮೈ ಒಂದು ಆಂಟೆನಾ. ತಂತಿ ಬ್ರಿಡ್ಜ್ ಮೂಲಕ ಗ್ರೌಂಡ್‌ಗೆ ಸೇರಿರುವುದರಿಂದ ಮುಟ್ಟಿದ ಕೂಡಲೇ ಆ ಸದ್ದು ಇಳಿದುಹೋಗುತ್ತೆ. ಅಂದರೆ ಆ ಪೀಸಿನ ಗ್ರೌಂಡ್ ವೈರ್ ಸರಿಯಿದೆ. ಮುಟ್ಟಿದಾಗ ಏರಿದರೆ ಒಳಗಿನ ವೈರಿಂಗ್ ಉಲ್ಟಾ ಅಥವಾ ಕಿತ್ತುಹೋಗಿದೆ.

ಇದಲ್ಲದೆ 50 ಹರ್ಟ್ಸ್‌ನ ಗುಂಯ್ ಸಿಂಗಲ್ ಕಾಯಿಲ್‌ನ ಹುಟ್ಟುಗುಣ. ಕೂತ ಜಾಗದಲ್ಲೇ ಕಾಲು ಸುತ್ತು ತಿರುಗಿ, ಕಡಿಮೆಯಾಗುವ ದಿಕ್ಕು ಸಿಗುತ್ತೆ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಇದ್ದರೆ ಫ್ಯಾನನ್ನು ಪೂರ್ತಿ ವೇಗಕ್ಕೋ ಪೂರ್ತಿ ಆಫ್‌ಗೋ ಹಾಕಿ, ನಡುವಿನ ಸ್ಥಾನದಲ್ಲೇ ಅದು ಕಿರಿಕಿರಿ ಮಾಡೋದು. ಮುಂದೆ ಮೂರು ಪಿನ್ನಿನ ದೊಡ್ಡ ಆ್ಯಂಪ್ ತಗೊಂಡರೆ ಅರ್ಥಿಂಗ್ ಪಿನ್ ಮುರಿದು ಎರಡು ಪಿನ್ ಸಾಕೆಟ್‌ಗೆ ಹಾಕೋ ಉಪಾಯ ಯಾರು ಹೇಳಿದರೂ ಕೇಳಬೇಡಿ. ತಂತಿ ಮುಟ್ಟಿದಾಗ ಬೆರಳು ಜುಮ್ ಅಂದರೆ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್‌ಗೆ ಹೇಳಿ ಅರ್ಥಿಂಗ್ ನೋಡಿಸಿ.

ಮಳೆಕಾಡು

ಶಿವಮೊಗ್ಗ ಅಂದಿದ್ದಕ್ಕೆ ಒಂದು ಮಾತು. ಸೆಟಪ್ ದುಡ್ಡನ್ನೆಲ್ಲ ಕೊಂಡ ದಿನವೇ ಖರ್ಚು ಮಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಕ್ಕೆ ಮರ ಉಬ್ಬುತ್ತೆ, ಬೇಸಿಗೆಗೆ ಕುಗ್ಗುತ್ತೆ, ನೆಕ್ ಅದಕ್ಕೆ ತಕ್ಕಂತೆ ಬಾಗುತ್ತೆ. ಗಿಟಾರ್ ಮನೆಗೆ ಬಂದು ಎರಡು ಮೂರು ವಾರ ಕಳೆದ ಮೇಲೆ ಸೆಟಪ್ ಮಾಡಿಸಿ, ಮಳೆಗಾಲ ಹಿಡಿದ ಮೇಲೆ ಟ್ರಸ್ ರಾಡ್ ಒಮ್ಮೆ ನೋಡಿ. ಮಾರ್ಚ್-ಏಪ್ರಿಲ್‌ನಲ್ಲಿ ಫ್ರೆಟ್ ತುದಿಗಳು ಕೈಗೆ ಚುಚ್ಚಿದರೆ ಅದು ಫ್ರೆಟ್‌ಬೋರ್ಡ್ ಒಣಗಿ ಕುಗ್ಗಿದ್ದರಿಂದ. ತುದಿಯನ್ನು ಅರದಿಂದ ಉಜ್ಜಿಸಬಹುದು.

ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿಯ ಮೇಲೂ ಅಡಿಯೂ ಒರೆಸಿ. ಚೀಲದಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬಣ್ಣ ಬದಲಾಯಿಸುವ ಜೆಲ್ ಸಿಕ್ಕರೆ ಯಾವಾಗ ಒಣಗಿಸಬೇಕು ಅಂತ ಅದೇ ಹೇಳುತ್ತೆ. ಮಳೆ ಬಡಿಯುವ ಹೊರಗೋಡೆಗೆ ಗಿಟಾರ್ ನೇತುಹಾಕಬೇಡಿ. ಫ್ರೆಟ್‌ಬೋರ್ಡ್‌ಗೆ ಲೆಮನ್ ಆಯಿಲ್ ಹಚ್ಚೋದು ವರ್ಷಕ್ಕೆ ಒಂದೆರಡು ಸಲ ಸಾಕು, ಅದೂ ಪಾಲಿಶ್ ಇಲ್ಲದ ಗಾಢ ಬಣ್ಣದ ಮರಕ್ಕೆ ಮಾತ್ರ. ಪಾಲಿಶ್ ಇರುವ ಮೇಪಲ್‌ಗೆ ಬೇಡ. ಕಟಾನಾ ಮಿನಿಯನ್ನು ಅಡಾಪ್ಟರ್‌ನಲ್ಲೇ ಓಡಿಸೋದಾದರೆ ಒಳಗಿನ ಸೆಲ್ ತೆಗೆದಿಡಿ, ಮಳೆಗಾಲದಲ್ಲಿ ಸೆಲ್ ಸೋರಿದರೆ ಸ್ಪ್ರಿಂಗ್‌ಗಳೆಲ್ಲ ಹಸಿರುಗಟ್ಟುತ್ತವೆ.