ಓದುಗರ ಸ್ಪಂದನ: ಹಾಸ್ಟೆಲ್ ರೂಮಿನಲ್ಲಿ ನಾನೊಬ್ಬಳೇ ಕ್ರೈಸ್ತಳು

ಕಳೆದ ಸಂಚಿಕೆಯ ಸಮಸ್ಯೆ: ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಊರು ಚಿಕ್ಕಮಗಳೂರು ಕಡೆ. ಅಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ಸಂಘಟನೆ ವೈ.ಸಿ.ಎಸ್.ನಲ್ಲಿ ಇದ್ದೆ, ಗಾಯನ ತಂಡದಲ್ಲೂ ಇದ್ದೆ. ಇಲ್ಲಿ ರೂಮಿನಲ್ಲಿ ನಾನೊಬ್ಬಳೇ ಕ್ರೈಸ್ತಳು. ಜ್ಞಾನಸ್ನಾನ ಪಡೆದವರೆಲ್ಲ ಮಿಷನರಿಗಳೇ ಎಂದು ಮಿಷನ್ ಭಾನುವಾರ ಗುರುಗಳು ಹೇಳಿದರು. ನಾನು ಏನು ಮಾಡಲಿ? ಮೆಸ್‌ನಲ್ಲಿ ಶಿಲುಬೆ ಗುರುತು ಹಾಕಲೂ ಹಿಂಜರಿಕೆ. ಬಾಯಿ ಬಿಟ್ಟರೆ ಮತಾಂತರ ಅಂದುಕೊಳ್ಳುತ್ತಾರೇನೋ ಎಂಬ ಭಯ. ರಾತ್ರಿಯ ಪ್ರಾರ್ಥನೆಯೂ ಸುಮ್ನೆ ಬಾಯಿಪಾಠ ಆಗಿದೆ. ಧ್ಯಾನವೇ ಬೇರೆ, ಸೇವೆಯೇ ಬೇರೆ ಅನಿಸುತ್ತದೆ.

*

ಪ್ರೀತಿಯ ಮಗಳೇ, ಈ ಪ್ರಶ್ನೆ ವಿದ್ಯಾರ್ಥಿಗಳನ್ನು ಹಿಂದೆಯೂ ಕಾಡಿದೆ. ಫ್ರೆಡೆರಿಕ್ ಓಝಾನಮ್ ಪ್ಯಾರಿಸ್‌ನಲ್ಲಿ ಕಾನೂನು ಓದುತ್ತಿದ್ದ ಹುಡುಗ. ಗೆಳೆಯರ ಚರ್ಚಾಕೂಟದಲ್ಲಿ ಧರ್ಮಸಭೆಯ (ಕ್ಯಾಥೊಲಿಕ್ ಚರ್ಚಿನ) ಪರವಾಗಿ ಚೆನ್ನಾಗಿಯೇ ವಾದಿಸುತ್ತಿದ್ದ. ಹಿಂದಿನದೆಲ್ಲ ಇರಲಿ, ಈಗ ಬಡವರಿಗೆ ನೀವೇನು ಮಾಡುತ್ತಿದ್ದೀರಿ ಎಂದು ಎದುರಾಳಿಗಳು ಕೇಳಿದರು. ಅವನು ಇನ್ನೊಂದು ವಾದ ಹೂಡಲಿಲ್ಲ. 1833ರ ಏಪ್ರಿಲ್ 23ರಂದು, ತನ್ನ ಇಪ್ಪತ್ತನೇ ಹುಟ್ಟುಹಬ್ಬದ ದಿನವೇ, ನಾಲ್ಕಾರು ಜನರನ್ನು ಕಟ್ಟಿಕೊಂಡು ಕೆಲಸ ಶುರು ಮಾಡಿದ. ಬಡವರ ಮನೆಗೆ ಹೋಗುವುದು ಹೇಗೆ, ಅಲ್ಲಿ ಕೂತು ಮಾತಾಡುವುದು ಹೇಗೆ ಎಂಬುದನ್ನು ಆ ಹುಡುಗರಿಗೆ ಕಲಿಸಿದವರು ಪ್ಯಾರಿಸ್‌ನ ಬಡವರ ನಡುವೆ ದುಡಿಯುತ್ತಿದ್ದ ಸನ್ಯಾಸಿನಿ ಸಿಸ್ಟರ್ ರೊಸಾಲಿ ರೆಂಡು. ನಿಮ್ಮೂರಿನ ಚರ್ಚಿನಲ್ಲೂ ಕಾಣುವ ಸಂತ ವಿನ್ಸೆಂಟ್ ದಿ ಪೌಲ್ ಸಭೆ ಹುಟ್ಟಿದ್ದು ಹೀಗೆ, ಕಾಲೇಜು ಹುಡುಗರ ಕೈಯಲ್ಲಿ.

ಅದೇ ಸಭೆಗೆ ಮುಂದೆ ಇಟಲಿಯ ಟುರಿನ್‌ನಲ್ಲಿ ಸೇರಿದವನು ಪಿಯೆರ್ ಜಾರ್ಜಿಯೊ ಫ್ರಸಾಟಿ. ಅಪ್ಪ ದೊಡ್ಡ ಪತ್ರಿಕೆಯ ಒಡೆಯ. ಮಗ ಗಣಿ ಎಂಜಿನಿಯರಿಂಗ್ ಆರಿಸಿಕೊಂಡಿದ್ದು ಗಣಿ ಕಾರ್ಮಿಕರ ನಡುವೆ ಕೆಲಸ ಮಾಡಬೇಕೆಂದು. ಪರ್ವತ ಹತ್ತುವ ಹುಚ್ಚು, ಗೆಳೆಯರ ದಂಡು ಎಲ್ಲ ಇತ್ತು. 1925ರ ಜುಲೈಯಲ್ಲಿ ಪೋಲಿಯೊ ಬಡಿದು ಕೈ ಸ್ವಾಧೀನ ತಪ್ಪುತ್ತಿತ್ತು. ಆಗಲೂ ಒಂದು ಚೀಟಿ ಗೀಚಿದ. ತಾನು ನೋಡಿಕೊಳ್ಳುತ್ತಿದ್ದ ಬಡವನೊಬ್ಬನಿಗೆ ಇಂಜೆಕ್ಷನ್ ತಲುಪಿಸಿ ಎಂದು ಗೆಳೆಯನಿಗೆ ಬರೆದದ್ದು ಅದು. ಮಾರನೇ ದಿನ ತೀರಿಕೊಂಡ. ವಯಸ್ಸು 24. ಶವಯಾತ್ರೆಗೆ ಟುರಿನ್‌ನ ಬಡವರು ಬೀದಿ ತುಂಬ ಬಂದು ನಿಂತಾಗಲೇ ಮಗ ಏನು ಮಾಡುತ್ತಿದ್ದ ಎಂಬುದು ಮನೆಯವರಿಗೆ ಪೂರ್ತಿ ತಿಳಿದಿದ್ದು. 2025ರ ಸೆಪ್ಟೆಂಬರ್ 7ರಂದು ಪೋಪ್ ಲಿಯೋ ಅವನನ್ನು ಸಂತನೆಂದು ಘೋಷಿಸಿದರು.

ನೀವು ವೈ.ಸಿ.ಎಸ್.ನವರು, 'ನೋಡು, ವಿಮರ್ಶಿಸು, ಕಾರ್ಯವೆಸಗು' ಎಂಬ ಅದರ ಸೂತ್ರ ಗೊತ್ತೇ ಇದೆ. ಹಾಸ್ಟೆಲಿನಲ್ಲೂ ಅಲ್ಲಿಂದಲೇ ಶುರು ಮಾಡಿ. ಮೊದಲು ನೋಡಿ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ನೋಟ್ಸ್ ಎದುರು ಒದ್ದಾಡುವ ಮೊದಲ ವರ್ಷದ ಹುಡುಗಿ ನಿಮ್ಮ ಕಾರಿಡಾರಿನಲ್ಲೇ ಇರುತ್ತಾಳೆ. ರಾಯಚೂರಿನಿಂದಲೋ ಬೀದರ್‌ನಿಂದಲೋ ಬಂದಿರುತ್ತಾಳೆ. ಪಿ.ಯು.ವರೆಗೆ ಕ್ಲಾಸಿಗೇ ಮೊದಲು, ಇಲ್ಲಿ ಲ್ಯಾಬ್‌ನಲ್ಲಿ ಬಾಯಿ ತೆರೆಯಲು ನಾಚಿಕೆ. ಮೊದಲ ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬಂದಾಗ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ಇಂಥವರು ಅರ್ಧದಲ್ಲೇ ಟಿ.ಸಿ. ತೆಗೆದುಕೊಂಡು ಊರಿಗೆ ಹೋಗುವುದನ್ನು ಪಾಠ ಮಾಡುವ ನಾವು ನೋಡುತ್ತಲೇ ಇದ್ದೇವೆ. ದಿನಾ ಅರ್ಧ ಗಂಟೆ ಅವಳ ಪಕ್ಕ ಕೂತು, ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ಸೆಮಿಸ್ಟರ್ ಮುಗಿಯುವವರೆಗೂ ಬಿಡಬೇಡಿ. ಒಂದು ದಿನದ ಶಿಬಿರಕ್ಕೆ ಹೋಗಿ ಫೋಟೊ ತೆಗೆಸಿಕೊಂಡು ಬರುವುದಕ್ಕಿಂತ ಇದು ಕಷ್ಟದ ಕೆಲಸ. ನನ್ನ ಪ್ರಕಾರ ನಿಮ್ಮ ಮಿಷನ್ ಇದೇ.
– ಪದವಿ ಕಾಲೇಜು ಉಪನ್ಯಾಸಕಿ, ಬಂಟ್ವಾಳ

*

ನಾನು ಹಿಂದೂ, ಓದಿದ್ದು ಸಿಸ್ಟರ್‌ಗಳ ಶಾಲೆಯಲ್ಲಿ, ಆಮೇಲೆ ಹಾಸ್ಟೆಲ್‌ನಲ್ಲಿ. ನನ್ನ ರೂಮ್‌ಮೇಟ್ ಕ್ಯಾಥೊಲಿಕ್. ಅವಳು ಊಟಕ್ಕೆ ಮುಂಚೆ ಶಿಲುಬೆ ಗುರುತು ಹಾಕುತ್ತಿದ್ದಳು, ನಾನು ಸಂಜೆ ದೇವರ ಫೋಟೊಕ್ಕೆ ಊದಿನಕಡ್ಡಿ ಹಚ್ಚುತ್ತಿದ್ದೆ. ಇಬ್ಬರಿಗೂ ಅದು ದೊಡ್ಡ ವಿಷಯವೇ ಆಗಿರಲಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ ಅವಳು ಮೀನು-ಮಾಂಸ ಮುಟ್ಟುತ್ತಿರಲಿಲ್ಲ, ನಾನು ಸೋಮವಾರ ಒಪ್ಪತ್ತು ಮಾಡುತ್ತಿದ್ದೆ. ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಜಪಸರ ಹಿಡಿದು ನನ್ನ ಮಂಚದ ಪಕ್ಕ ಕೂತಿದ್ದಳು. ನೀನೂ ಪ್ರಾರ್ಥನೆ ಮಾಡು ಅಂತ ಒಂದು ಮಾತೂ ಹೇಳಲಿಲ್ಲ. ಅವಳ ದೇವರ ಬಗ್ಗೆ ಆಮೇಲೆ ನಾನೇ ಕೇಳಿ ತಿಳಿದುಕೊಂಡೆ. ಇವತ್ತಿಗೂ ನನ್ನ ಜೀವದ ಗೆಳತಿ ಅವಳು.

ನಿಮ್ಮ ರೂಮಿನವರ ಮನಸ್ಸಿನಲ್ಲಿ ಇಲ್ಲದ ಅನುಮಾನವನ್ನು ನೀವೇ ಊಹಿಸಿಕೊಂಡು ಕುಗ್ಗಬೇಡಿ. ನಿಮ್ಮ ನಂಬಿಕೆ ಮುಚ್ಚಿಟ್ಟರೆ ಅವರಿಗೆ ನೀವು ಅರ್ಧವೇ ಪರಿಚಯ ಆಗುತ್ತೀರಿ, ಅಲ್ವಾ?
– ಬ್ಯಾಂಕ್ ಉದ್ಯೋಗಿ, ಧಾರವಾಡ

*

ಬಾಯಿಪಾಠದ ಪ್ರಾರ್ಥನೆ ಬಗ್ಗೆ ನನ್ನದೊಂದು ಮಾತು. ಅದನ್ನು ಬಿಡಬೇಡಿ, ಆದರೆ ಅದರ ಜೊತೆ ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಹೇಳಿಕೊಟ್ಟ ಆತ್ಮಪರಿಶೋಧನೆ ಸೇರಿಸಿ. ಕಾಲು ಗಂಟೆ ಸಾಕು. ಮೊದಲು ದಿನಕ್ಕೆ ಕೃತಜ್ಞತೆ. ಆಮೇಲೆ ಬೆಳಕು ಕೊಡು ಎಂದು ಬೇಡುವುದು. ಬೆಳಿಗ್ಗೆಯಿಂದ ನಡೆದದ್ದನ್ನು ಒಂದೊಂದಾಗಿ ನೆನೆಯುವುದು, ತಪ್ಪಿದ್ದಕ್ಕೆ ಕ್ಷಮೆ ಕೇಳುವುದು, ನಾಳೆಗೆ ಒಂದು ನಿರ್ಧಾರ. ನಾನು ವಾರ್ಡ್ ಡ್ಯೂಟಿ ಮುಗಿಸಿ ಬಂದು ಇದನ್ನು ಮಾಡುತ್ತೇನೆ. ಸುತ್ತಿ ಬಳಸಿ ಯೋಚಿಸುವುದಿಲ್ಲ. ಇವತ್ತು ಕರೆದಾಗ ನಾನು ತಿರುಗಿ ನೋಡದೇ ಹೋದದ್ದು ಯಾವ ಬೆಡ್‌ನವರನ್ನು? ಸಿಡುಕಿದ್ದು ಯಾರ ಮೇಲೆ? ಅವರ ಮುಖ ಕಣ್ಣ ಮುಂದೆ ಬಂದಾಗ ಪ್ರಾರ್ಥನೆಗೆ ಮಾತು ಹುಡುಕಬೇಕಾಗುವುದಿಲ್ಲ. ಮರುದಿನ ಮೊದಲು ಅದೇ ಬೆಡ್ ಹತ್ತಿರ ಹೋಗುತ್ತೇನೆ. ಧ್ಯಾನ ಬೇರೆ, ಸೇವೆ ಬೇರೆ ಎಂದು ನೀವು ಬರೆದಂತೆ ಕಂಡಿತು. ನನಗೆ ಎರಡೂ ಕೂಡುವುದು ಇಲ್ಲೇ.

ಏನೂ ಅನಿಸದ ರಾತ್ರಿಗಳೂ ಇರುತ್ತವೆ, ಹೆದರಬೇಡಿ. ಫ್ರಾನ್ಸಿನ ಲಿಸಿಯುವಿನ ಸಂತ ತೆರೇಸಾ 15ನೇ ವಯಸ್ಸಿಗೆ ಸನ್ಯಾಸಿನಿಯರ ಕಾರ್ಮೆಲ್ ಮಠ ಸೇರಿ, ಯಾವ ಮಿಷನ್ ನಾಡಿಗೂ ಹೋಗದೆ 24ಕ್ಕೆ ತೀರಿಕೊಂಡವರು. ಕೊನೆಯ ತಿಂಗಳುಗಳಲ್ಲಿ ಅವರ ವಿಶ್ವಾಸಕ್ಕೂ ಕತ್ತಲು ಕವಿದಿತ್ತು. ಆದರೂ ಮಿಷನರಿಗಳಿಗಾಗಿ ಪ್ರಾರ್ಥಿಸುವುದನ್ನು ಬಿಡಲಿಲ್ಲ. 1927ರಲ್ಲಿ ಧರ್ಮಸಭೆ ಅವರನ್ನು ಸಂತ ಫ್ರಾನ್ಸಿಸ್ ಕ್ಸೇವಿಯರ್ ಜೊತೆ ಮಿಷನ್‌ಗಳ ಪಾಲಕಿ ಎಂದು ಸಾರಿತು.
– ನರ್ಸಿಂಗ್ ವಿದ್ಯಾರ್ಥಿನಿ, ಮಂಗಳೂರು

*

ಮತಾಂತರದ ಭಯಕ್ಕೆ ಧರ್ಮಸಭೆಯೇ ಉತ್ತರ ಕೊಟ್ಟಿದೆ. ಒತ್ತಾಯದಿಂದಾಗಲೀ ಆಮಿಷದಿಂದಾಗಲೀ ಯಾರನ್ನೂ ವಿಶ್ವಾಸಕ್ಕೆ ಸೆಳೆಯಬಾರದು ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸ್ಪಷ್ಟವಾಗಿ ಹೇಳಿದೆ. ಇದು ನಿಮಗೆ ಗೊತ್ತಿದ್ದರೆ ಯಾರಾದರೂ ಕೇಳಿದಾಗ ತಡವರಿಸಬೇಕಾಗಿಲ್ಲ. ಕೇಳಿದವರಿಗೆ ನಿಮ್ಮ ಭರವಸೆಯ ಕಾರಣ ಹೇಳಿ, ಅದನ್ನೂ ಸೌಮ್ಯವಾಗಿ, ಗೌರವದಿಂದ ಹೇಳಿ ಎಂದು ಬೈಬಲಿನ ಪೇತ್ರನ ಮೊದಲ ಪತ್ರದಲ್ಲಿದೆ. ಕೇಳದವರಿಗೆ ಹೇಳುತ್ತಾ ಹೋಗಬೇಕಿಲ್ಲ.

ಉಪನ್ಯಾಸಕಿಯೋ ಹಿರಿಯರೋ ಸೇವೆ ಮಾಡಿ ಎಂದರೆ ಒಪ್ಪಿಕೊಳ್ಳಿ, ಆದರೆ ಒಬ್ಬರೇ ಎಲ್ಲ ಹೊರಬೇಡಿ. ಫ್ರಸಾಟಿಗೂ ಓಝಾನಮ್‌ಗೂ ಗೆಳೆಯರ ಗುಂಪಿತ್ತು. ಹತ್ತಿರದಲ್ಲಿ ಕನ್ನಡ ಪೂಜೆ ಇರುವ ಚರ್ಚ್ ಯಾವುದೆಂದು ವಿಚಾರಿಸಿ. ಪೂಜೆ ಮುಗಿದ ಕೂಡಲೇ ಬಸ್ಸಿಗೆ ಓಡದೆ ಗುರುಗಳನ್ನು ಕಂಡು, ಯುವಜನರ ಕೂಟ ಯಾವಾಗ ಸೇರುತ್ತದೆ ಎಂದು ಕೇಳಿ. ಗಾಯನ ತಂಡದಲ್ಲಿ ಇದ್ದೆ ಎಂದು ಹೇಳಿದರೆ ಸಾಕು, ಆ ವಾರವೇ ಅಭ್ಯಾಸಕ್ಕೆ ಕರೆಯುತ್ತಾರೆ.
– ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿ, ಮೈಸೂರು